ಸಾರಿನ ಉಪ್ಪು ನೋಡಿದ ಭಾನುವಾರ

ಚರ್ಚಿಗೆ ಹೋಗುವಾಗ ಮನಸ್ಸು ಹೇಗಿರಬೇಕು ಎಂದು ಈಗ ದೊಡ್ಡದಾಗಿ ಉಪದೇಶ ಮಾಡುತ್ತಾರೆ. ನಮ್ಮ ಕಾಲದಲ್ಲಿ ಮನಸ್ಸಿನ ಮಾತು ಆಮೇಲೆ, ಮೊದಲು ಹೊಟ್ಟೆ ಖಾಲಿ ಇರಬೇಕಿತ್ತು. ನಲವತ್ತರ ದಶಕದಲ್ಲಿ ನಡುರಾತ್ರಿಯಿಂದ ತೊಟ್ಟು ನೀರೂ ಕುಡಿಯದವರಿಗೆ ಮಾತ್ರ ಪಾದ್ರಿಗಳು ನಾಲಿಗೆಯ ಮೇಲಿಡುವ ಸತ್ಪ್ರಸಾದ. ಯಾರಾದರೂ ಅದಕ್ಕೆ ಎದ್ದು ಹೋಗದೆ ಚಾಪೆಯ ಮೇಲೇ ಕೂತರೆ, ಏನು ಪಾಪ ಮಾಡಿದ್ದಾಳೋ ಎಂದು ಊರೆಲ್ಲ ಲೆಕ್ಕ ಹಾಕುತ್ತಿತ್ತು. ಸುಳ್ಳೇಕೆ, ನಾನೂ ಹಾಕುತ್ತಿದ್ದೆ. ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು, ಒಂದಕ್ಷರ ತಿಳಿಯುತ್ತಿರಲಿಲ್ಲ. ಕೈಯಲ್ಲಿ ಜಪಸರ, ಕಣ್ಣು ಪಕ್ಕದವಳ ಸೀರೆಯ ಅಂಚಿನ ಮೇಲೆ.

ಆ ಭಾನುವಾರ ದೇವನಹಳ್ಳಿ ಕಡೆಯಿಂದ ಒಬ್ಬ ಹೆಂಗಸು ನನ್ನನ್ನು ನೋಡಲು ಬರುವವರಿದ್ದರು. ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ಮೊದಲು ಪೂಜೆಯಲ್ಲಿ ನೋಡುವುದು, ಆಮೇಲೆ ನಮ್ಮ ಮನೆಯಲ್ಲಿ ಊಟ. ಅಡಿಗೆ ಹುಡುಗಿಯದೇ ಎಂದು ಹೇಳಿಕೊಳ್ಳಲು ಅಮ್ಮ ಬೆಳಿಗ್ಗೆ ಬೆಳಿಗ್ಗೆಯೇ ನನ್ನನ್ನು ಒಲೆ ಮುಂದೆ ಕೂರಿಸಿದ್ದಳು. ಕೋಳಿಸಾರು ಕುದಿಯಿತು. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದೆ. ದಿನಾ ಮಾಡುವ ಕೆಲಸ, ಕೈಗೆ ಭಾನುವಾರ ಯಾವುದು ಎಂದು ಗೊತ್ತೇ?

ಅಮ್ಮ ನೋಡಿಬಿಟ್ಟಳು.

"ನುಂಗಿದ್ಯೇನೇ?"

"ನುಂಗ್ಬಿಟ್ಟೆ ಕಣಮ್ಮ."

"ಅಯ್ಯೋ ನಿನ್ನ ನಾಲಿಗೆಗೆ ಬೆಂಕಿ ಹಾಕ. ಹೋಗು, ಬಾಯಿ ಮುಕ್ಕಳಿಸ್ಕೊ. ಒಂದು ತೊಟ್ಟು ತಾನೇ, ದೇವ್ರೇನು ನಿನ್ನ ಅಂಗೈ ನೋಡ್ತಾ ಕೂತಿರ್ತಾನಾ? ಸುಮ್ನೆ ಎದ್ದೋಗಿ ತಗೊಂಬಿಡು. ಆಯಮ್ಮ ನೋಡ್ತಿರ್ತಾರೆ."

ಪೂಜೆಯಲ್ಲಿ ಆಯಮ್ಮ ನಮ್ಮ ಸಾಲಿನಲ್ಲೇ, ಗೋಡೆಗೆ ಒತ್ತಿ, ಸೆರಗನ್ನು ಬಾಯಿಯವರೆಗೆ ಎಳೆದುಕೊಂಡು ಕೂತಿದ್ದರು. ಎಂಥ ಭಕ್ತಿ ಎಂದುಕೊಂಡೆ. ಗಂಟೆ ಹೊಡೆಯಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಅಮ್ಮ ಏಳುತ್ತಾ ನನ್ನ ತೊಡೆ ಚಿವುಟಿದಳು. ನಾನು ಏಳಲಿಲ್ಲ. ಅದು ದೊಡ್ಡ ಧೈರ್ಯವೇನಲ್ಲ, ಭಯ. ಊರಿನವರಿಗೆ ಸುಳ್ಳು ಹೇಳಬಹುದು, ಆದರೆ ಬಾಯಲ್ಲಿನ್ನೂ ಕೋಳಿಸಾರಿನ ಖಾರ ಇರುವಾಗ ದೇವರ ಮುಂದೆ ಬಾಯಿ ತೆರೆಯುವುದು ಹೇಗೆ? 'ಸ್ವಾಮಿ, ಮರೆತು ನೆಕ್ಕಿದೆ. ಸಂಬಂಧ ತಪ್ಪಿದರೆ ಅಮ್ಮನಿಗೆ ನೀನೇ ಹೇಳು' ಎಂದೆ. ಅಷ್ಟು ವರ್ಷ ಪೂಜೆಗೆ ಹೋಗಿದ್ದರೂ ದೇವರೊಂದಿಗೆ ನೇರವಾಗಿ ಮಾತಾಡಿದ್ದು ಅವತ್ತೇ ಮೊದಲು.

ಸಾಲು ಪೂರ್ತಿ ಖಾಲಿಯಾಯಿತು. ಕಣ್ಣು ಬಿಟ್ಟು ನೋಡುತ್ತೇನೆ, ಚಾಪೆಯ ಮೇಲೆ ಉಳಿದವರು ಇಬ್ಬರೇ. ಆ ತುದಿಯಲ್ಲಿ ಆಯಮ್ಮ, ಈ ತುದಿಯಲ್ಲಿ ನಾನು.

ಪೂಜೆ ಮುಗಿದ ಮೇಲೆ ಹೊರಗೆ ಹುಣಸೆಮರದ ಕೆಳಗೆ ಅವರೇ ಹತ್ತಿರ ಬಂದರು. ಅಮ್ಮ ಹಿಂದೆ ಕಲ್ಲಿನಂತೆ ನಿಂತಿದ್ದಳು.

"ಯಾಕವ್ವ, ಎದ್ದೋಗ್ಲಿಲ್ಲ?"

"ಮರ್ತು ಸಾರಿನ ಉಪ್ಪು ನೋಡ್ಬಿಟ್ಟೆ ಅಮ್ಮ."

ಅವರ ಸೆರಗು ಜಾರಿತು. ತುಟಿ, ಹಲ್ಲು ಎಲ್ಲ ಕೆಂಪು.

"ನಂದೂ ಅದೇ ಕಥೆ. ಗಾಡೀಲಿ ಕೂತಿದ್ದೆ, ಕೈ ಅದರ ಪಾಡಿಗೆ ಅದು ಎಲೆ ಅಡಿಕೆ ಬಾಯಿಗೆ ಹಾಕ್ಬಿಡ್ತು. ನೀನೂ ಎದ್ದೋಗಿದ್ರೆ ನಾನೊಬ್ಳೇ ಪಾಪಿ ಆಗ್ತಿದ್ದೆ ಕಣೇ." ಆಮೇಲೆ ದನಿ ತಗ್ಗಿಸಿ, "ಉಪ್ಪು ಸರಿಯಾಗಿತ್ತಾ?"

"ಇನ್ನೆರಡು ಕಲ್ಲು ಬೇಕಿತ್ತು."

"ಹಾಕಿದ್ಯಾ?"

"ಅಮ್ಮ ಬೈಯ್ತಿದ್ರು, ಮರ್ತೋಯ್ತು."

ಮನೆಗೆ ಬಂದು ಅವರೇ ಒಲೆ ಮುಂದೆ ಕೂತು ಎರಡು ಕಲ್ಲು ಹಾಕಿದರು. ಎರಡನೆಯ ಮುದ್ದೆಗೆ ಕೈ ಚಾಚಿದಾಗ ಅಮ್ಮನಿಗೆ ಉಸಿರು ಬಂತು.

ಮದುವೆಯಾದ ಮೇಲೆ ಪ್ರತಿ ಶನಿವಾರ ಮಲಗುವ ಮುಂಚೆ ಅತ್ತೆ ಎಲೆ ಅಡಿಕೆ ಚೀಲವನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ಸೌಟನ್ನು ಅವರ ಕೈಗೆ ಕೊಡುತ್ತಿದ್ದೆ. ಪೂಜೆಯಿಂದ ಬಂದ ಮೇಲೆಯೇ ಇಬ್ಬರಿಗೂ ಅವರವರ ಸಾಮಾನು ವಾಪಸ್ಸು.