ಅಕ್ಕನನ್ನು ದಾಟಿದ ಮಧ್ಯಾಹ್ನ

ಅಕ್ಕಾವರೇ, ಆ ಹಣ್ಣಿನ ಆಟದಲ್ಲಿ ನಿಮ್ಮನ್ನು ದಾಟಿ ಹೋದದ್ದು ನಿಮ್ಮ ತಂಗಿ ಶಾಂತಾ ಅಲ್ಲ. ನಾನು. ಅವಳ ಗಂಡ. ಮೊಬೈಲ್ ಹಿಡಿದವರನ್ನು ಕಂಡರೆ ‘ದೇಶ ಕೆಟ್ಟಿತು’ ಎಂದು ನಿಟ್ಟುಸಿರು ಬಿಡುವ, ಅರವತ್ತಾರು ವರ್ಷದ ನಾನು.

ಇಷ್ಟು ಹೇಳಲು ಎರಡು ವರ್ಷ ಹಿಡಿಯಿತು. ಯಾಕೆ ಮಾಡಿದೆ ಎಂಬುದು ಈಗಲೂ — ಬರೆಯುತ್ತ ಹೋದರೆ ತಿಳಿದೀತೇನೋ.

ಹಳೆಯದು ನಿಮಗೆ ಗೊತ್ತಿರುವುದೇ. ಆದರೂ ಅಪರಾಧಿ ಕ್ರಮ ತಪ್ಪಬಾರದು. ನಿಮ್ಮ ಮಗನ ಮದುವೆ ಮುಗಿಸಿ ನಾವು ಕಲಬುರಗಿಯಿಂದ ರೈಲಿಗೆ ಹೊರಟ ಗಡಿಬಿಡಿಯಲ್ಲಿ ನೀವು ತಂಗಿಯ ಉಡಿ ತುಂಬುವುದನ್ನು ಮರೆತಿರಿ. ಅಕ್ಕನ ಮನೆಯಿಂದ ಬರೀ ಉಡಿಯಲ್ಲಿ ಬಂದೆನೆಂದು ಇವಳು ಹೈದರಾಬಾದ್ ಮುಟ್ಟುವವರೆಗೆ ಅತ್ತಳು. ಆಮೇಲೆ ಇವಳು ಫೋನ್ ಮಾಡಲಿಲ್ಲ, ನೀವೂ ಮಾಡಲಿಲ್ಲ. ಮದುವೆಗೆ ಮುಂಚೆ ನಿಮ್ಮ ಮಗಳು ಇಬ್ಬರ ಮೊಬೈಲಿಗೂ ಹಾಕಿಕೊಟ್ಟಿದ್ದ ಆ ಆಟವೊಂದು ಮಾತ್ರ ನಡೆದೇ ಇತ್ತು.

ಒಂದೇ ಬಗೆಯ ಮೂರು ಹಣ್ಣು ಸಾಲಾಗಿ ಕೂಡಿಸಿದರೆ ಅವು ಮಾಯ. ಕೇಳಿದಷ್ಟು ಹಣ್ಣನ್ನು ಕೊಟ್ಟಷ್ಟೇ ನಡೆಗಳಲ್ಲಿ ಮುಗಿಸಿದರೆ ಮುಂದಿನ ಮನೆ. ಆಟದವರು ಅದನ್ನು ಲೆವೆಲ್ ಎನ್ನುತ್ತಾರೆ. ಚೌಕಾಬಾರ ಆಡಿ ಬೆಳೆದ ನನಗೆ ಅದು ಮನೆಯೇ. ದಾರಿಯುದ್ದಕ್ಕೂ ಆಡುವವರ ಪುಟ್ಟ ಫೋಟೋಗಳು. ನೀವು ಇನ್ನೂರಾ ಹನ್ನೆರಡರಲ್ಲಿದ್ದರೆ ಇವಳು ಇನ್ನೂರಾ ಹನ್ನೊಂದರಲ್ಲಿ. ಸೋತರೆ ಒಂದು ‘ಜೀವ’ ಹೋಗುತ್ತದೆ. ಕಾದರೆ ಅದು ತಾನಾಗಿ ಮರಳುತ್ತದೆ; ಬೇಕಾದವರು ತಮ್ಮ ಕಡೆಯಿಂದಲೂ ಒಂದು ಜೀವ ಕಳಿಸಬಹುದು. ನೀವು ದಿನಾ ಬೆಳಿಗ್ಗೆ ಕಳಿಸುತ್ತಿದ್ದಿರಿ. ಚಹಾ ಕುಡಿಯುತ್ತ ಇವಳು, ‘ಅಕ್ಕ ಎದ್ದಾಳ ನೋಡ್ರಿ’ ಎನ್ನುತ್ತಿದ್ದಳು. ನಾನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಆದರೆ ಹೆಗಲ ಮೇಲಿಂದ ಕದ್ದು ನೋಡುತ್ತಿದ್ದೆ. ಗೆಲ್ಲುವ ಹಣ್ಣು ಕಣ್ಣೆದುರೇ ಇದ್ದರೂ ಇವಳು ಬೇರೆಯದನ್ನು ಸರಿಸಿ ಸೋಲುತ್ತಿದ್ದಳು. ಒಮ್ಮೆ ತಡೆಯಲಾಗಲಿಲ್ಲ.

‘ಅಲ್ಲೇ ಮಾವಿನಹಣ್ಣು ಕಾಣಾಕತ್ತೈತಿ, ಕಣ್ಣಿಲ್ಲೇನು ನಿನಗ?’

‘ಸುಮ್ಮಕಿರ್ರಿ. ನಿಮಗ ತಿಳಿಯಂಗಿಲ್ಲ ಅದು.’

ನನಗೆ ತಿಳಿಯುವುದಿಲ್ಲವೆ? ಇಲ್ಲಿಯ ನಾಚಾರಂನ ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ಒಂದು ನಟ್ಟೂ ಕಳೆಯದೆ ಕಾದ ನನಗೆ?

ಒಂದು ಮಂಗಳವಾರ ಮಧ್ಯಾಹ್ನ ಇವಳು ಮೊಬೈಲನ್ನು ಚಾರ್ಜಿಗೆ ಇಟ್ಟು ಭಜನೆಗೆ ಹೋದಳು. ಒಂದೇ ಮನೆ ದಾಟಿಸಿ ಉಪಕಾರ ಮಾಡೋಣ ಎಂದು ಕೂತೆ — ಹೌದು, ಮೊದಲಿಗೆ ಉಪಕಾರವೇ. ಗೆದ್ದೆ. ಒಳಗಿಂದೊಂದು ಹುಡುಗಿಯ ದನಿ, ‘ಫೆಂಟಾಸ್ಟಿಕ್!’ ಎಂದಿತು.

ಅಕ್ಕಾವರೇ, ನಗಬೇಡಿ. ಮೂವತ್ತೊಂದು ವರ್ಷದಲ್ಲಿ ಆ ಮಾತು ನನಗೆ ಯಾರೂ ಅಂದಿರಲಿಲ್ಲ. ‘ಬೇರಿಂಗ್ ಕಿಧರ್ ಹೈ?’ ಎನ್ನುತ್ತಿದ್ದರು, ಅಷ್ಟೆ. ಇನ್ನೊಮ್ಮೆ ಕೇಳಬೇಕೆನಿಸಿತು. ಆಮೇಲೆ ಸೋತೆ — ಒಂದೇ ಒಂದು ದ್ರಾಕ್ಷಿ ಬಾಕಿ ಉಳಿದಾಗ ಸೋತೆ. ಹತ್ತು ಉಳಿದಿದ್ದರೆ ಎದ್ದುಬಿಡುತ್ತಿದ್ದೆ. ಒಂದು ಉಳಿದರೆ ಏಳುವುದು ಹೇಗೆ? ಇದು ನೆಪವಲ್ಲ, ನೆಪವಾದರೂ ನನಗೇ ಸಾಲದು. ಹೊಗಳಿಕೆ ಎಳೆಯಿತೋ, ಆ ಒಂದು ದ್ರಾಕ್ಷಿ ಕಟ್ಟಿಹಾಕಿತೋ, ಇಂದಿಗೂ ಬಗೆಹರಿದಿಲ್ಲ. ನಿಮ್ಮ ಫೋಟೋ ಕೆಳಗೆ, ಕೆಳಗೆ, ತಿರುವಿನಾಚೆ ಹೋದದ್ದು ಮಾತ್ರ ಕಂಡಿತ್ತು. ಕಂಡೂ ಆಡಿದೆ.

ಇನ್ನೂ ಒಂದಿದೆ. ನೀವು ಕಳಿಸಿದ ಜೀವಗಳನ್ನು ಇವಳು ಖರ್ಚು ಮಾಡುತ್ತಿರಲಿಲ್ಲ. ಹದಿನೇಳು ಕೂಡಿಟ್ಟಿದ್ದಳು. ಅವೆಲ್ಲವನ್ನೂ ನಾನು ಮುಗಿಸಿದೆ.

ಭಜನೆಯಿಂದ ಬಂದವಳು ಮೊಬೈಲ್ ತೆಗೆದು ನಿಂತೇ ಇದ್ದಳು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

‘ಇದು ಇನ್ನೂರಾ ಮೂವತ್ತೊಂದು ತೋರಸಾಕತ್ತೈತ್ರಿ. ನೀವ್ ಮುಟ್ಟಿದ್ರೇನು?’

‘ನಾನ್ಯಾಕ ಮುಟ್ಟಲಿ? ಅಪ್‌ಡೇಟ್ ಆಗಿರಬೇಕು.’

ಅಪ್‌ಡೇಟ್ ಎಂದರೇನೆಂದು ನನಗೂ ಗೊತ್ತಿರಲಿಲ್ಲ. ಇವಳು ನಂಬಿದಳು — ನಟ್ಟು ಕಳೆಯದ ಮನುಷ್ಯನಲ್ಲವೆ. ಕುರ್ಚಿಯ ಮೇಲೆ ಕುಸಿದು ಮೆಲ್ಲಗೆ ಹೇಳಿದಳು:

‘ಅಕ್ಕನ್ನ ದಾಟಬಾರದಂತ ಬೇಕಂತಲೇ ಸೋಲತಿದ್ದೆರಿ. ಸಣ್ಣಾಕಿ ಇದ್ದಾಗಿಂದ ಆಕಿ ಹಿಂದ ನಡದಾಕಿ ನಾ. ಈಗ ಸೊಕ್ಕು ಬಂತಂತ ತಿಳೀತಾಳ.’

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು, ‘ಚಹಾ ಇಡ್ತೀಯೇನು?’

ಮರುದಿನ ಬೆಳಿಗ್ಗೆ ನಿಮ್ಮಿಂದ ಜೀವ ಬರಲಿಲ್ಲ. ಅದರ ಮರುದಿನವೂ ಇಲ್ಲ. ನೀವು ಏನೆಂದುಕೊಂಡಿರೋ ನನಗೆ ಗೊತ್ತಿಲ್ಲ, ನಿಮ್ಮ ಫೋಟೋ ಮಾತ್ರ ಅಲ್ಲಿಂದ ಅಲುಗಿಲ್ಲ. ಇವಳು ಕಳಿಸಬಹುದಿತ್ತಲ್ಲ ಎನ್ನುವಿರಿ. ಮೊದಲು ಕಳಿಸಬೇಕಾದವರು ದೊಡ್ಡವರು ಎಂಬುದು ಇವಳ ಹಟ. ಆ ಉಡಿಯ ನೋವೂ ಅದರೊಳಗೇ ಇದೆಯೇನೋ.

ಇವಳನ್ನು ಹಿಂದಕ್ಕೆ ತರಲು ನೋಡಿದೆ. ಕದ್ದು ಆ ಮೊಬೈಲಿನಲ್ಲಿ ಎಲ್ಲ ಒತ್ತಿ ನೋಡಿದೆ. ಮುಂದಕ್ಕೆ ಹೋಗಲು ನೂರು ದಾರಿ ಇಟ್ಟವರು ಹಿಂದಕ್ಕೆ ಬರಲು ಒಂದನ್ನೂ ಇಟ್ಟಿಲ್ಲ.

ಶಾಂತಾ ಈಗ ಆಡುವುದಿಲ್ಲ. ಆದರೂ ಬೆಳಿಗ್ಗೆ ಚಹಾದ ಹೊತ್ತಿಗೆ ಆಟ ತೆರೆದು, ಬೆರಳಿನಿಂದ ದಾರಿಯನ್ನು ಕೆಳಕ್ಕೆ ಎಳೆದು, ಇನ್ನೂರಾ ಹನ್ನೆರಡನೆಯ ಮನೆಯನ್ನು ನೋಡಿ ಮುಚ್ಚುತ್ತಾಳೆ. ಎರಡು ವರ್ಷದಿಂದ. ಎದುರಿಗೆ ಪೇಪರ್ ಹಿಡಿದು ಕೂತವನು ನಾನು.

ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದೆ. ಅದನ್ನು ಮೊದಲು ಕೇಳಬೇಕಾದದ್ದು ಬೇರೆ ಕಡೆ. ಈ ಪತ್ರವನ್ನು ಇವಳಿಗೆ ಓದಿ ಹೇಳದೆ ಅಂಚೆಗೆ ಹಾಕುವುದಿಲ್ಲ. ಈಗಷ್ಟೇ ಕೂಗಿದೆ. ‘ಬಂದೆರಿ’ ಎಂದಳು. ಒಳಗೆ ನಲ್ಲಿ ನಿಂತಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಾಳೆ.