ವೈನಿಯವರ ಗ್ರಹಣ

ರೊಟ್ಟಿ ಬಡಿದು ಬಡಿದು ನಮ್ಮ ವೈನಿಯವರ ಅಂಗೈ ಗಟ್ಟಿಯಾಗಿತ್ತು. ಅದೇ ಕೈಯಿಂದ ದುರ್ಬೀನಿನ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಎಂ.ಎಸ್ಸಿ. ಭೌತಶಾಸ್ತ್ರ ಓದಿ, ಗಂಗಾವತಿ ಕಡೆಯ ಮರಳಿಯಿಂದ ಹನುಮಸಾಗರದ ನಮ್ಮ ಮನೆಗೆ ಸೊಸೆಯಾಗಿ ಬಂದವರು. ನೌಕರಿ ಎಂದರೆ ಅವ್ವ ಒಲ್ಲೆ ಎಂದಳು, ಅಣ್ಣ ಅವ್ವನ ಮಾತು ಮೀರಲಿಲ್ಲ. ಅವರಿಗೆ ಉಳಿದದ್ದು ಮಾಳಿಗೆ, ತವರಿನಿಂದ ತಂದ ದುರ್ಬೀನು, ಹೇಳಿದ್ದನ್ನು ಕೇಳಲು ನಾದಿನಿಯಾದ ನಾನು. "ಇಷ್ಟರ ಬಿಟ್ಟಾರಲ್ಲ, ಛಲೋ ಆತು," ಎಂದು ನಗುತ್ತಿದ್ದರು. ಆ ನಗು ಕಂಡರೆ ನನಗೆ ಸಿಟ್ಟು ಬರುತ್ತಿತ್ತು.

ಆ ವರ್ಷ ಒಂದು ಚುಕ್ಕಿಯ ಬೆನ್ನು ಹತ್ತಿದ್ದರು. ಅದಕ್ಕೆ ತೀರಾ ಹತ್ತಿರದಲ್ಲಿ, ಕಾದ ಕೆಂಡದಂಥ ದೈತ್ಯ ಗ್ರಹವೊಂದು ಸುತ್ತುತ್ತಿರಬಹುದೆಂಬ ಗುಮಾನಿ ಖಗೋಳ ವಿಜ್ಞಾನಿಗಳಿಗಿತ್ತು. "ಚುಕ್ಕಿಗೆ ಬೆಳಕೇನೋ ಭಾಳ ಐತಿ. ಆದ್ರ ಬುಗುರಿ ತಿರಗಿದಂಗ ತಿರಗತೈತಿ, ಗ್ರಹ ಜಗ್ಗಿದಾಗ ಅದು ಅಲುಗೂದನ್ನ ಅಳ್ಯಾಕ ಬರವಲ್ದು. ಗ್ರಹ ಅಡ್ಡ ಬಂದಾಗ ಬೆಳಕು ಎಷ್ಟು ಇಳೀತೈತಿ ಅಂತ ನಮ್ಮಂಥೋರು ಊರೂರಾಗ ನೋಡಿ ಕಳಸಬೇಕು," ಎಂದು ತಿಳಿಸಿದ್ದರು. ಆ ಸಂಜೆ ನಮ್ಮ ಕಡೆಯ ಆಕಾಶದ ಸರದಿ. ತಪ್ಪಿದರೆ ಚುಕ್ಕಿ ಸೂರ್ಯನ ಹಿಂದೆ ಸರಿದು ತಿಂಗಳುಗಟ್ಟಲೆ ಕಾಣುತ್ತಿರಲಿಲ್ಲ.

ವೈನಿ ಆಗ ಬಸುರಿ. ಖುಷಿಯಲ್ಲಿ ಪಡಸಾಲೆಯಲ್ಲೇ, "ಇವತ್ತ ನಮ್ಮ ಚುಕ್ಕಿಗೆ ಗ್ರಹಣ ಐತಿ," ಎಂದುಬಿಟ್ಟರು. ಗ್ರಹಣ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವ್ವ ಅವರನ್ನು ಒಳಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದಳು.

"ಅತ್ತಿ, ಅದು ನಮ್ಮ ಸೂರ್ಯಾಂದಲ್ರಿ, ಎಲ್ಲೋ ದೂರದ್ದು."

"ಯಾರದರ ಇರಲಿ. ಹೊಟ್ಟ್ಯಾಗ ಕೂಸೈತಿ. ಗ್ರಹಣ ಬಿಟ್ಟ ಮ್ಯಾಲ ಹೊರಗ ಬಾ."

ಅವ್ವ ಕೆಟ್ಟವಳಲ್ಲ, ನಿಜಕ್ಕೂ ಹೆದರಿದ್ದಳು. ಬಾಗಿಲ ಮುಂದೆ ಕುಂತೇಬಿಟ್ಟಳು. ನಾನು ಹಿತ್ತಲಿಗೆ ಹೋದೆ. ವೈನಿ ಕಿಟಕಿಯ ಸರಳು ಹಿಡಿದು ನಿಂತಿದ್ದರು. "ನೀನ ಹೋಗವಾ. ಚುಕ್ಕಿ ಹುಡುಕೂದು ನಿನಗ ಕಲಿಸೀನಲ್ಲ. ಅದು ಸರೀದಂಗ ನೋಡ್ಕೋ, ಫೋಟೋ ನಿಲ್ಲಬಾರ್ದು."

ಮಾಳಿಗೆ ಹತ್ತಿ ಚುಕ್ಕಿ ಹುಡುಕಿ, ದುರ್ಬೀನಿಗೆ ಕ್ಯಾಮೆರಾ ಹಚ್ಚಿ ಎಲ್ಲ ಹೊಂದಿಸಿದೆ. ಲ್ಯಾಪ್‌ಟಾಪಿನಲ್ಲಿ ಬೆಳಕಿನ ಗೆರೆ ಮೆಲ್ಲಗೆ ಕೆಳಗೆ ಬಾಗಿದಾಗ, ಫೋಟೋ ತಾನೇ ತೆಗೆಯುತ್ತಿರಲು ಬಿಟ್ಟು, ಒಂದು ಗಳಿಗೆ ಇಳಿದು ಕಿಟಕಿಗೆ ಓಡಿ ಬಂದೆ.

"ಇಳದೈತ್ರಿ ವೈನಿ."

"ಖರೇನ?" ಎಂದವರು ಸರಳಿಗೆ ಹಣೆ ಹಚ್ಚಿ ಅತ್ತರು. ಆ ಕಿಟಕಿಗೆ ಆಕಾಶವೇ ಕಾಣುತ್ತಿರಲಿಲ್ಲ, ಎದುರಿಗೆ ದನದ ಕೊಟ್ಟಿಗೆಯ ಗೋಡೆ ಇತ್ತು.

ಹಲವು ಊರುಗಳ ಅಳತೆ ಕೂಡಿ ಗ್ರಹ ಇರುವುದು ಖಾತ್ರಿಯಾಯಿತು. ಪೇಢೆ ತಂದು, "ಹುಡುಕಿದೋರೊಳಗ ನೀವೂ ಒಬ್ರು," ಎಂದೆ.

"ಹುಡುಕಿದಾಕಿ ನೀನವಾ. ನಾ ಸರಳು ಹಿಡಕೊಂಡು ನಿಂತಿದ್ದೆ," ಎಂದರು.

ಇಂದು ನಾನು ಕುಷ್ಟಗಿಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನನ್ನ ಓದಿಗಾಗಿ, ನನ್ನ ನೌಕರಿಗಾಗಿ ಅವ್ವನೊಡನೆ ಜಗಳಕ್ಕೆ ನಿಂತವರು ವೈನಿಯೇ. ತಮಗಾಗಿ ಎಂದೂ ದನಿ ಎತ್ತಲಿಲ್ಲ. ಹೋದ ವರ್ಷ ತೀರಿಕೊಂಡರು. ಆ ಗ್ರಹವನ್ನು ಹುಡುಕಿದವರಲ್ಲಿ ತಾವೂ ಒಬ್ಬರು ಎಂದು ಅವರನ್ನು ಒಪ್ಪಿಸಲು ನನಗೆ ಕೊನೆಗೂ ಆಗಲಿಲ್ಲ.