ನಾನು ಬಾಯಿ ಮುಚ್ಚಿಕೊಂಡಿದ್ದ ಮಧ್ಯಾಹ್ನ

ನಮ್ಮ ಕನ್ನಡ ಕೂಟದಲ್ಲಿ ಅಧ್ಯಕ್ಷರ ಕುರ್ಚಿಗಾಗಿ ಎರಡು ಮನೆಗಳವರು ಮಾತು ಬಿಟ್ಟದ್ದನ್ನು ಕಣ್ಣಾರೆ ಕಂಡವಳು ನಾನು. ಯುಗಾದಿಯ ಊಟ ಬಡಿಸುವಾಗಲೂ ಒಬ್ಬರ ಕಡೆ ಇನ್ನೊಬ್ಬರು ಕೋಸಂಬರಿ ಸರಿಸಲಿಲ್ಲ. ಹಾಗಾಗಿ ಸ್ವೀಡನ್ನಿನಲ್ಲಿ ನಾವಿರುವ ವೆಸ್ಟೆರಾಸ್‌ನ ಆ ಪುಟ್ಟ ಸಾಮಿ ಕರಕುಶಲ ಸಂಘದ ವಾರ್ಷಿಕ ಸಭೆಯಲ್ಲಿ, ಈ ವರ್ಷ ಅಧ್ಯಕ್ಷರು ಯಾರು ಎಂದು ಕೇಳಿದಾಗ ಒಬ್ಬರೂ ತುಟಿಪಿಟಕ್ಕೆನ್ನದೆ ಮೇಜು ನೋಡುತ್ತ ಕೂತದ್ದು ನನಗೆ ವಿಚಿತ್ರವಾಗಿ ಕಂಡಿತು. ಸಭೆಯ ಮೌನವೆಂದರೆ ನನಗೆ ಒಲೆಯ ಮೇಲೆ ಉಕ್ಕುತ್ತಿರುವ ಹಾಲು. ಯಾರಾದರೂ ಓಡಬೇಕು. ನಾನು ಕೈಯೆತ್ತಿಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಕಾಫಿ ಬಂತು.

ಸಾಮಿಗಳು ಈ ದೇಶದ ಉತ್ತರದ ಮೂಲನಿವಾಸಿಗಳು. ಓದು, ನೌಕರಿ ಎಂದು ದಕ್ಷಿಣದ ಊರುಗಳಿಗೆ ಬಂದು ನೆಲೆಸಿದವರೂ ಅವರಲ್ಲಿ ಬಹಳ. ನಾನು ಆ ಸಂಘಕ್ಕೆ ಹೋದದ್ದು ಬಣ್ಣದ ಉಣ್ಣೆಪಟ್ಟಿ ನೇಯುವುದನ್ನು ಕಲಿಯಲು. ನಾಲ್ಕು ಗಂಟೆಗೆಲ್ಲ ಕತ್ತಲಾಗುವ ಊರಿನಲ್ಲಿ ಆಫೀಸಿನ ಸಾಫ್ಟ್‌ವೇರ್ ಬಿಟ್ಟು ಕೈಗೆ ಬೇರೇನಾದರೂ ಕೆಲಸ ಬೇಕಿತ್ತು. ಹಿಮಸಾರಂಗದ ಕೊಂಬಿನಿಂದ ಮಾಡಿದ ಹಣಿಗೆಯಲ್ಲಿ ಕೆಂಪು, ಹಳದಿ ಉಣ್ಣೆದಾರ ಪೋಣಿಸುವುದನ್ನು ನಮಗೆ ಹೇಳಿಕೊಟ್ಟವರು ಸಾಮಿಯೇ ಆದ ನಿವೃತ್ತ ನರ್ಸ್ ಒಬ್ಬರು. ಬರಬರುತ್ತ ನನ್ನ ಮಗಳೂ ಅವರೇ ನಡೆಸುವ ಮಕ್ಕಳ ತರಗತಿಗೆ ಸೇರಿದಳು. ಅಲ್ಲಿನ ಹೆಚ್ಚಿನ ಮಕ್ಕಳು ಸಾಮಿ ಮನೆಗಳವರು. ಅಜ್ಜಿಯ ಕೈಕೆಲಸವನ್ನು ಕಲಿಯಲು ಅವರಿಗೆ ಈ ಊರಿನಲ್ಲಿ ಬೇರೆ ಜಾಗವಿರಲಿಲ್ಲ.

ಅಧ್ಯಕ್ಷಳಾದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ವೆಬ್‌ಸೈಟ್ ಮಾಡಿದೆ, ವರ್ಷದ ವೇಳಾಪಟ್ಟಿ ಮಾಡಿದೆ, ದೊಡ್ಡದೊಂದು ಪ್ರದರ್ಶನದ ಯೋಜನೆ ಹಾಕಿದೆ. ಸಭೆಗಳು ಅರ್ಧ ಗಂಟೆಯಲ್ಲಿ ಮುಗಿಯತೊಡಗಿದವು. ಅದು ನನ್ನ ಹೆಮ್ಮೆ.

ಅಷ್ಟರಲ್ಲಿ ಸಂಘದ ಕೋಣೆಯಿದ್ದ ಕಟ್ಟಡದ ಮಾಲೀಕರು ಬಾಡಿಗೆ ಏರಿಸಿದರು. ಕಟ್ಟಲಾಗದಿದ್ದರೆ ಬೇಸಿಗೆಯ ಹೊತ್ತಿಗೆ ಕೋಣೆ ಖಾಲಿ ಮಾಡಬೇಕು. ಮಕ್ಕಳ ತರಗತಿ ಅಲ್ಲಿಗೆ ಮುಗಿದಂತೆಯೇ. ಉಳಿದದ್ದು ಒಂದೇ ದಾರಿ, ಮೂಲನಿವಾಸಿಗಳೇ ನಡೆಸುವ ಕಲಾ ಸಂಘಗಳಿಗೆ ಸಿಗುವ ಅನುದಾನ. ಅದರ ನಿಯಮಗಳನ್ನು ನಾನು ಸ್ಟಾಕ್‌ಹೋಮ್‌ನಿಂದ ಬರುವ ರೈಲಿನಲ್ಲಿ ಓದಿದೆ. ಮಂಡಳಿಯಲ್ಲಿ ಸಾಮಿಗಳು ಹೆಚ್ಚಿರಬೇಕು. ಇದ್ದರು. ಮುಂದಾಳತ್ವವೂ ತೀರ್ಮಾನವೂ ಸಾಮಿಗಳ ಕೈಯಲ್ಲಿರಬೇಕು. ಅಧ್ಯಕ್ಷೆಯೋ ದಾವಣಗೆರೆಯವಳು.

ಮೊದಲು ಬಂದದ್ದು ಸಿಟ್ಟು. ಪಿತ್ತ ನೆತ್ತಿಗೇರಿತು. ಮನೆಗೆ ಬಂದವಳೇ ಗಂಡನ ಮುಂದೆ ಕೂಗಾಡಿದೆ. "ದುಡಿಯೋಕೆ ನಾನು ಬೇಕು, ಕುರ್ಚಿಗೆ ಮಾತ್ರ ಬೇಡ್ವಾ?"

ಅವನು ಚಪಾತಿ ಮಗುಚುತ್ತಲೇ ಹೇಳಿದ. "ನಮ್ ಕೂಟಕ್ಕೆ ಒಬ್ಬ ಸ್ವೀಡನ್ನಿನವನು ಪ್ರೆಸಿಡೆಂಟ್ ಆಗಿ, ರಾಜ್ಯೋತ್ಸವದಲ್ಲಿ ಏನ್ ಹಾಡ್ಬೇಕು ಅಂತ ಅವನೇ ಡಿಸೈಡ್ ಮಾಡಿದ್ರೆ ನೀನು ಸುಮ್ನಿರ್ತಿದ್ಯಾ?"

"ಅವನು ಒಳ್ಳೇವನಾಗಿದ್ರೆ..."

"ನೀನು ಮೈಕ್ ಕಿತ್ಕೊಂಡಿರ್ತಿದ್ದೆ ಕಣೇ."

ಕಿತ್ತುಕೊಂಡಿರುತ್ತಿದ್ದೆ, ಸುಳ್ಳೇಕೆ. ಆ ವಾರದ ತರಗತಿಗೆ ಸ್ವಲ್ಪ ಮುಂಚೆಯೇ ಹೋಗಿ ನೇಯ್ಗೆ ಹೇಳಿಕೊಡುವ ನಮ್ಮ ಟೀಚರಿಗೆ ವಿಷಯ ತಿಳಿಸಿದೆ. ನಾನು ಕೆಳಗಿಳಿಯುತ್ತೇನೆ, ನೀವು ಅಧ್ಯಕ್ಷರಾಗಿ ಎಂದೆ. ಅವರು ಕೈಯಲ್ಲಿದ್ದ ಪಟ್ಟಿಯ ಸಾಲು ಮುಗಿಸಿದರು, ಇನ್ನೊಂದು ಸಾಲನ್ನೂ ಮುಗಿಸಿದರು.

"ಸರಿ. ನಾನೂ ಅದನ್ನೇ ಯೋಚಿಸ್ತಿದ್ದೆ," ಎಂದರು.

"ಯಾವಾಗಿಂದ?"

"ಹೋದ ವರ್ಷದ ಸಭೆಯಿಂದ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳೋಕೆ ಹೊರಟಿದ್ದೆ. ಅಷ್ಟರಲ್ಲಿ ನೀನು ಕೈ ಎತ್ತಿದೆ."

ಅವರ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಯಾರೂ ಮುಂದೆ ಬಾರದ ಕುರ್ಚಿಯನ್ನು ನಾನು ಹೊತ್ತುಕೊಂಡೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ, ನಾಚಿಕೆಯಾಯಿತು.

ವಿಶೇಷ ಸಭೆ ಕರೆದು ಅವರನ್ನು ಆರಿಸಿದೆವು. ಸಭೆ ಎರಡು ಗಂಟೆ ನಡೆಯಿತು. ಅರ್ಜಿಗೆಂದು ನಾನು ಬರೆದಿಟ್ಟಿದ್ದ ಯೋಜನೆಯನ್ನು ಸಾಮಿ ಸದಸ್ಯರೆಲ್ಲ ಸಾಲುಸಾಲಾಗಿ ಓದಿ, ನಡುನಡುವೆ ಸುಮ್ಮನೆ ಕೂತು, ಕೊನೆಗೆ ನನ್ನ ಮುದ್ದಿನ ಪ್ರದರ್ಶನವನ್ನು ಹೊಡೆದುಹಾಕಿದರು. ಮುಖ ಊದಿಸಿಕೊಂಡೇ ಅರ್ಜಿಯನ್ನು ಅವರು ಹೇಳಿದಂತೆ ತಿದ್ದಿ ಕಳಿಸಿದೆ.

ಅನುದಾನದ ಅಧಿಕಾರಿ ಒಂದು ಮಧ್ಯಾಹ್ನ ವಿಡಿಯೋ ಕರೆಯಲ್ಲಿ ಹೊಸ ಅಧ್ಯಕ್ಷರ ಜೊತೆ ಮಾತಾಡಬೇಕೆಂದರು. ಸಂಘವನ್ನು ನಿಜಕ್ಕೂ ಯಾರು ನಡೆಸುತ್ತಾರೆ ಎಂದು ತಿಳಿಯಲು. ಲ್ಯಾಪ್‌ಟಾಪ್ ನೋಡಿಕೊಳ್ಳುವುದಷ್ಟೇ ನನ್ನ ಪಾಲಿನ ಕೆಲಸ. "ಅರ್ಧ ಗಂಟೆ ನೀನು ಮಾತಾಡದೆ ಇರೋದಕ್ಕೆ ಬೇರೇನೇ ಗ್ರಾಂಟ್ ಕೊಡ್ಬೇಕು," ಎಂದ ಗಂಡ. ಮಗಳು ಮಾತ್ರ ಗಂಭೀರವಾಗಿದ್ದಳು. "ಅಮ್ಮ, ಪ್ಲೀಸ್, ಜಸ್ಟ್ ಬಿ ಕ್ವೈಟ್, ಓಕೆ?"

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಆಮೇಲೆ ಆ ಅಧಿಕಾರಿ ಕೇಳಿದರು: "ಅರ್ಜಿ ತುಂಬ ಚೆನ್ನಾಗಿದೆ. ಇದನ್ನು ಬರೆದವರು ಯಾರು? ಇದರಲ್ಲಿ ಇರೋದನ್ನು ತೀರ್ಮಾನಿಸಿದವರು ಯಾರು?"

ಟೀಚರು ಕಿಟಕಿ ನೋಡಿದರು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದರು. ನಾಲಿಗೆಯ ತುದಿಗೆ ಬಂದ ಉತ್ತರ ಚಡಪಡಿಸುತ್ತಿತ್ತು: ಎಲ್ಲರೂ ಸೇರಿ ಮಾಡಿದ್ದು ಎಂದು ಒಂದು ಸಿಹಿ ಮಾತು. ಅದನ್ನು ನಾನು ಆಡಿದ್ದರೆ ಸಂಘ ನಡೆಸುವವಳು ನಾನೇ ಎಂದಾಗಿ ಕೆಲಸ ಕೆಡುತ್ತಿತ್ತು. ಕೈಗೆ ಸಿಕ್ಕ ದಾಲ್ಚಿನ್ನಿ ಬನ್ನನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ. ಪರದೆಯ ಆಚೆ ಅಧಿಕಾರಿಗೂ ಅವಸರವಿದ್ದಂತೆ ಕಾಣಲಿಲ್ಲ.

"ಬರೆದದ್ದು ಇವಳು," ಟೀಚರು ಕೊನೆಗೂ ಬಾಯಿ ಬಿಟ್ಟರು. "ಇಲ್ಲೇ ಪಕ್ಕದಲ್ಲಿ ಬನ್ ತಿಂತಿದ್ದಾಳೆ. ಅವಳಿಗೆ ದೊಡ್ಡ ಪ್ರದರ್ಶನ ಬೇಕಿತ್ತು. ಬೇಡ ಅಂತ ನಾವು ತೆಗೆದ್ವಿ. ಮಕ್ಕಳು ಕಲಿಯದೆ ಏನನ್ನ ಪ್ರದರ್ಶನಕ್ಕೆ ಇಡೋದು? ಅವಳಿಗೆ ಸಿಟ್ಟು ಬಂತು. ಆದರೂ ನಾವು ಹೇಳಿದ ಹಾಗೇ ಬರೆದಳು."

ಅಧಿಕಾರಿ ನಕ್ಕರು. "ನನಗೆ ಗೊತ್ತಾಗಬೇಕಾಗಿದ್ದು ಇಷ್ಟೇ."

ಕರೆ ಮುಗಿದಾಗ ನನ್ನ ಬಾಯಲ್ಲಿ ಇನ್ನೂ ಬನ್ನಿತ್ತು. ನಗುವೂ ಅಳುವೂ ಒಟ್ಟಿಗೆ ಬಂದು ಕೆಮ್ಮಿದೆ; ಟೀಚರು ಬೆನ್ನು ತಟ್ಟಿ ನೀರು ಕೊಟ್ಟರು. ಕೆಲವು ವಾರಗಳ ನಂತರ ಸಂಘ ಅರ್ಹ, ಅನುದಾನ ಮಂಜೂರಾಗಿದೆ ಎಂದು ತಿಳಿದಾಗ ಹೋದ ಜೀವ ಬಂದಂತಾಯಿತು. ಕೋಣೆ ಉಳಿಯಿತು. ನಾನೂ ಉಳಿದೆ, ಬರೀ ಸದಸ್ಯಳಾಗಿ. ತಲೆಯ ಮೇಲಿನ ಭಾರ ಇಳಿದಿತ್ತು. ಅದು ಭಾರವೆಂದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮುಂದಿನ ಸಭೆಯಲ್ಲಿ ಟೀಚರು ಕೇಳಿದರು, ಮಕ್ಕಳಿಗೆ ಕೊಂಬಿನ ಕೆತ್ತನೆ ಹೇಳಿಕೊಡುವವರು ಯಾರು ಎಂದು. ಎಲ್ಲರೂ ಮೇಜು ನೋಡಿದರು. ಹಾಲು ಉಕ್ಕತೊಡಗಿತು. ನನಗೆ ಕೆತ್ತನೆಯ ಗಂಧಗಾಳಿಯೂ ಇಲ್ಲ. ಆದರೂ ಬಲಗೈ ತಾನಾಗಿಯೇ ಏಳುತ್ತಿತ್ತು, ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಬಹಳ ಹೊತ್ತಾಯಿತು. ಮೂಲೆಯಲ್ಲಿ ಸಿಟಿ ಬಸ್ ಓಡಿಸುವವರೊಬ್ಬರು ಇದ್ದರು. ನಾನು ಅಧ್ಯಕ್ಷಳಾಗಿದ್ದ ವರ್ಷವೆಲ್ಲ ಪ್ರತಿ ಸಭೆಗೂ ಬಂದಿದ್ದರು, ಅವರ ದನಿ ಹೇಗಿದೆಯೆಂದು ಮಾತ್ರ ನಾನು ಕೇಳಿರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡರು.

"ನಾನು ಹೇಳಿಕೊಡ್ತೀನಿ," ಎಂದರು. "ಅಪ್ಪ ನನಗೆ ಕಲಿಸಿದ್ರು."

ಆಮೇಲೆ ಕಾಫಿ ಯಾರು ಮಾಡುತ್ತೀರಿ ಎಂದು ಟೀಚರು ಕೇಳಿದರು. ಅದಕ್ಕೆ ಮಾತ್ರ ನಾನು ಕಾಯಲಿಲ್ಲ.